ಹತ್ತನೆಯ ತರಗತಿಗೆ ಗಾಳಿ ಸೋಕಿದಾಗ: ಹೈಸ್ಕೂಲಿನ ಥ್ರಿಲ್ಲರ್ ಬರೆಯುವವರಿಗೆ ಒಂದು ಮಾರ್ಗದರ್ಶಿ

ಹದಿಮೂರರಿಂದ ಹದಿನೇಳರ ವಯಸ್ಸಿನ ಓದುಗರಿಗಾಗಿ ಕನ್ನಡದಲ್ಲಿ ಕಾದಂಬರಿ ಬರೆಯಲು ಹೊರಟವರು ಮೊದಲು ಒಂದು ಕೊರತೆಯನ್ನು ಗಮನಿಸಬೇಕು. ನಮ್ಮ ಪುಸ್ತಕದಂಗಡಿಗಳಲ್ಲಿ ಮಕ್ಕಳ ಕಥೆಗಳು ಒಂದು ಕಡೆ, ದೊಡ್ಡವರ ಕಾದಂಬರಿಗಳು ಇನ್ನೊಂದು ಕಡೆ ಇರುತ್ತವೆ. ಹೈಸ್ಕೂಲಿನ ಹುಡುಗ ಹುಡುಗಿಯರು ‘ಇದು ನಮ್ಮದು’ ಎಂದು ಎತ್ತಿಕೊಳ್ಳಬಹುದಾದ ಪುಸ್ತಕಗಳು ಬಹಳ ಕಡಿಮೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನೂ 2011ರಿಂದ ಯುವ ಪುರಸ್ಕಾರವನ್ನೂ ಕೊಡುತ್ತ ಬಂದಿದೆ. ಆದರೆ ಎರಡನೆಯದರಲ್ಲಿರುವ ‘ಯುವ’ ಎಂಬುದು 35 ವರ್ಷದೊಳಗಿನ ಲೇಖಕರನ್ನು ಕುರಿತದ್ದು, ಓದುಗರನ್ನಲ್ಲ. ಈ ನಡುವಣ ವಯಸ್ಸಿನವರಿಗೆ ಪ್ರಿಯವಾಗಬಲ್ಲ ಒಂದು ಬಗೆಯೆಂದರೆ ಶಾಲೆಯೊಳಗೇ ನಡೆಯುವ, ದೆವ್ವವೋ ಮನುಷ್ಯರೋ ಎಂದು ಕೊನೆಯವರೆಗೂ ತಿಳಿಯದ ರೋಚಕ ಕಥೆ. ಅದನ್ನು ಬರೆಯುವ ಕ್ರಮವನ್ನು ಒಂದೇ ಉದಾಹರಣೆಯನ್ನು ಬೆಳೆಸುತ್ತ ಇಲ್ಲಿ ವಿವರಿಸುತ್ತೇನೆ.

ದೆವ್ವಕ್ಕಿಂತ ಮೊದಲು ಭಯವನ್ನು ಹುಡುಕಿ

ಹೊಸಬರ ಹಸ್ತಪ್ರತಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತೊಡಕು ಒಂದೇ. ಬಿಳಿ ಸೀರೆ, ಗೆಜ್ಜೆಯ ಸದ್ದು, ಹಾಳು ಬಾವಿ ಮೊದಲೇ ಸಿದ್ಧವಾಗಿರುತ್ತವೆ, ಶಾಲೆ ಆಮೇಲೆ ಬರುತ್ತದೆ. ಹೀಗೆ ಬರೆದ ಕಥೆ ಯಾವ ಕಟ್ಟಡದಲ್ಲಿ ಬೇಕಾದರೂ ನಡೆಯಬಹುದು, ಆದ್ದರಿಂದ ಎಲ್ಲಿಯೂ ನಡೆದಂತೆ ಅನ್ನಿಸುವುದಿಲ್ಲ. ಹದಿನೈದರ ವಯಸ್ಸಿನವರು ದಿನವೂ ಹೊತ್ತು ತಿರುಗುವ ಭಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದರಿಂದ ಕೆಲಸವನ್ನು ಆರಂಭಿಸಿ. 625 ಅಂಕಗಳಲ್ಲಿ ತನಗೆ ಬರುವುದೆಷ್ಟು ಎಂಬ ಭಯ, ಗೆಳತಿಯರ ಗುಂಪು ತನ್ನನ್ನು ಹೊರಗಿಟ್ಟಿದೆಯೆಂಬ ಭಯ, ಯಾರದೋ ಮೊಬೈಲಿನಲ್ಲಿ ತನ್ನ ಫೋಟೋ ಇದೆಯೆಂಬ ಭಯ, ಮುಂದಿನ ವರ್ಷ ತನ್ನನ್ನು ಓದಿಸುವುದಿಲ್ಲವೆಂಬ ಭಯ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ನಿಮ್ಮ ಅಲೌಕಿಕ ಶಕ್ತಿ ಯಾವುದೇ ಇರಲಿ, ಅದು ಈ ಒಂದು ಭಯದ ನೆರಳಾಗಿರಬೇಕು.

ನಮ್ಮ ಉದಾಹರಣೆಗೆ ಕೊನೆಯದನ್ನು ಆರಿಸಿಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಒಂದು ಕಾಲ್ಪನಿಕ ಸರ್ಕಾರಿ ಪ್ರೌಢಶಾಲೆ. ತುಳಸಿ ಹಬ್ಬ ಮುಗಿದು ಮದುವೆಯ ಮುಹೂರ್ತಗಳು ಶುರುವಾಗುವ ದಿನಗಳು. ಹತ್ತನೆಯ ತರಗತಿಯ ಭಾಗ್ಯ ಎಂಬ ಹುಡುಗಿ, ರೋಲ್ ನಂಬರ್ 28, ಒಂದು ಸೋಮವಾರದಿಂದ ಶಾಲೆಗೆ ಬರುವುದಿಲ್ಲ. ಶೇಂಗಾ ಬಿಡಿಸುವ ಕೆಲಸಕ್ಕೆ ಹೋಗಿರಬಹುದೆಂದು ಮೊದಲ ವಾರ ಯಾರೂ ಕೇಳುವುದಿಲ್ಲ. ಎರಡನೆಯ ವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಮೂರನೆಯ ವಾರ, ಟೀಚರ್ ನಂಬರ್ ಕೂಗುವಾಗ, ‘ಟ್ವೆಂಟಿ ಏಟ್’ ಎಂದು ಅಭ್ಯಾಸಬಲದಿಂದ ಅವರ ಬಾಯಿಂದ ಬಂದುಬಿಡುತ್ತದೆ, ಹಿಂದಿನ ಬೆಂಚಿನ ಕಡೆಯಿಂದ ‘ಪ್ರೆಸೆಂಟ್ ಮಿಸ್’ ಎಂಬ ಉತ್ತರವೂ ಬರುತ್ತದೆ.

ಇಷ್ಟು ಸಾಕು. ಇಲ್ಲಿ ಬಾವಿಯಿಲ್ಲ, ಗೆಜ್ಜೆಯಿಲ್ಲ. ಹೆಸರು ಹೊಡೆದುಹಾಕಿಸಿಕೊಂಡ ಹುಡುಗಿಯೊಬ್ಬಳು ತಾನಿನ್ನೂ ಇದ್ದೇನೆ ಎನ್ನುತ್ತಿದ್ದಾಳೆ. ತರಗತಿಯ ಪ್ರತಿ ಹುಡುಗಿಗೂ ಆ ಗೆರೆ ತನ್ನ ಹೆಸರಿನ ಮೇಲೂ ಬೀಳಬಹುದೆಂದು ಗೊತ್ತಿದೆ, ಹೆದರಿಕೆ ಇರುವುದು ಅಲ್ಲಿ.

ಶಾಲೆಯ ನಕ್ಷೆ, ಶಾಲೆಯ ವೇಳೆ

ಬರೆಯಲು ಕೂರುವ ಮೊದಲು ಶಾಲೆಯ ನಕ್ಷೆಯನ್ನು ಕೈಯಿಂದ ಬಿಡಿಸಿ ಗೋಡೆಗೆ ಅಂಟಿಸಿಕೊಳ್ಳಿ. ಮುಖ್ಯೋಪಾಧ್ಯಾಯರ ಕೊಠಡಿ, ಸ್ಟಾಫ್ ರೂಮು, ಬಿಸಿಯೂಟದ ಅಡುಗೆಕೋಣೆ, ಧ್ವಜಕಂಬ, ಮುರಿದ ಬೆಂಚುಗಳನ್ನು ತುಂಬಿ ಬೀಗ ಹಾಕಿರುವ ಕೋಣೆ, ಹುಡುಗಿಯರು ಒಬ್ಬರೇ ಹೋಗದೆ ಜೋಡಿಯಾಗಿಯೇ ಹೋಗುವ ಶೌಚಾಲಯ. ಯಾವ ಕಿಟಕಿಯಿಂದ ಏನು ಕಾಣುತ್ತದೆ, ಯಾವ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಅದರಲ್ಲೇ ಗುರುತಿಸಿ. ರೋಚಕ ಕಥೆಯಲ್ಲಿ ಬೀಗದ ಕೈಗೆ ಒಂದು ಪಾತ್ರದಷ್ಟೇ ಮಹತ್ವವಿದೆ, ಜವಾನರ ಸೊಂಟದ ಗೊಂಚಲಿನಲ್ಲಿ ಒಂದು ಕಡಿಮೆಯಾದರೆ ಅದೇ ಒಂದು ಅಧ್ಯಾಯವಾಗುತ್ತದೆ.

ವೇಳೆಯೂ ಹೀಗೆಯೇ. ಬೆಳಗಿನ ಪ್ರಾರ್ಥನೆ ಮತ್ತು ನಾಡಗೀತೆ, ಮಧ್ಯಾಹ್ನದ ಊಟದ ಗದ್ದಲ, ಚಳಿಗಾಲದಲ್ಲಿ ಶುರುವಾಗುವ ಸಂಜೆಯ ವಿಶೇಷ ತರಗತಿಗಳು, ಕತ್ತಲಾದ ಮೇಲೆ ಸೈಕಲ್ಲಿನಲ್ಲಿ ಊರಿಗೆ ಮರಳುವ ದಾರಿ. ಹೈಸ್ಕೂಲಿನ ಹೆಣ್ಣುಮಕ್ಕಳು ಕತ್ತಲಲ್ಲಿ ಶಾಲೆಯಲ್ಲಿರಲು ನ್ಯಾಯವಾದ ಕಾರಣ ಸಿಗುವುದು ಈ ವಿಶೇಷ ತರಗತಿಯಿಂದ ಮಾತ್ರ. ‘ಅವರು ರಾತ್ರಿ ಹನ್ನೆರಡಕ್ಕೆ ಶಾಲೆಗೆ ಹೋದರು’ ಎಂದು ಬರೆದರೆ ಹಳ್ಳಿಯ ಓದುಗರು ಅಲ್ಲಿಯೇ ಪುಸ್ತಕವನ್ನು ನಂಬುವುದನ್ನು ಬಿಡುತ್ತಾರೆ. ಸಂಜೆ ಆರೂವರೆಗೆ ಕರೆಂಟು ಹೋಗುವುದು ಸಾಕು.

ಪಂಚಾಂಗ ನಿಮ್ಮ ಕಥೆಯ ಬೆನ್ನೆಲುಬು. ಹತ್ತನೆಯ ತರಗತಿಯ ವರ್ಷ ಜೂನ್ ತಿಂಗಳ ಹೊತ್ತಿಗೆ ಆರಂಭವಾಗಿ, ದಸರಾ ರಜೆ ದಾಟಿ, ಹೊಸ ಕ್ಯಾಲೆಂಡರ್ ವರ್ಷದ ಆರಂಭದ ಪೂರ್ವಸಿದ್ಧತಾ ಪರೀಕ್ಷೆಗಳನ್ನು ಹಾದು, ಮಾರ್ಚ್ ಏಪ್ರಿಲ್‌ನ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮುಗಿಯುತ್ತದೆ. ಎಲ್ಲರಿಗೂ ಗೊತ್ತಿರುವ ಒಂದು ಗಡುವು ತಾನಾಗಿ ಹತ್ತಿರವಾಗುತ್ತಿರುವಾಗ ನೀವು ಬೇರೊಂದು ಗಡಿಯಾರವನ್ನು ತಂದಿಡಬೇಕಾಗಿಲ್ಲ.

ಇದರಲ್ಲಿ ಒಂದು ವಿವರ ಬಂಗಾರದಂಥದು. ಪರೀಕ್ಷೆಗೆ ವಿದ್ಯಾರ್ಥಿಗಳ ನೋಂದಣಿ ತಿಂಗಳುಗಳ ಮೊದಲೇ ನಡೆಯುತ್ತದೆ, ಪ್ರವೇಶ ಪತ್ರ ಬರುವುದು ಪರೀಕ್ಷೆಯ ಮುನ್ನ. ಅಂದರೆ ನೋಂದಣಿಯಾದ ಮೇಲೆ ಕಾಣೆಯಾದ ಭಾಗ್ಯಳ ಹೆಸರಿನಲ್ಲಿಯೂ, ಅವಳ ಫೋಟೋದೊಂದಿಗೆ, ಒಂದು ಹಾಲ್ ಟಿಕೆಟ್ ಶಾಲೆಗೆ ಬರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಅವಳ ನೋಂದಣಿ ಸಂಖ್ಯೆ ಬರೆದ ಒಂದು ಬೆಂಚು ಖಾಲಿ ಇರುತ್ತದೆ. ಇಂಥ ದೃಶ್ಯವನ್ನು ಕಲ್ಪನೆಯಿಂದ ಹುಟ್ಟಿಸಲು ಎಷ್ಟು ಹೆಣಗಿದರೂ ಆಗುವುದಿಲ್ಲ, ವ್ಯವಸ್ಥೆಯನ್ನು ತಿಳಿದುಕೊಂಡವರಿಗೆ ಅದು ಸುಮ್ಮನೆ ಸಿಗುತ್ತದೆ.

ಅಲೌಕಿಕಕ್ಕೆ ಕಟ್ಟುಪಾಡು ಹಾಕಿ

ಏನು ಬೇಕಾದರೂ ಮಾಡಬಲ್ಲ ದೆವ್ವ ಯಾರನ್ನೂ ಹೆದರಿಸುವುದಿಲ್ಲ. ನಿಮ್ಮ ಶಕ್ತಿ ಒಂದೇ ಒಂದು ಕೆಲಸ ಮಾಡಲಿ. ನಮ್ಮ ಕಥೆಯಲ್ಲಿ ಅದು ಉತ್ತರಿಸುತ್ತದೆ, ಅಷ್ಟೆ. ತಾನಾಗಿ ಮಾತನಾಡುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ, 28 ಎಂಬ ಸಂಖ್ಯೆಯನ್ನು ಕೂಗಿದಾಗ ಮಾತ್ರ ಇರುತ್ತದೆ. ಹೀಗೆ ಕಟ್ಟಿಹಾಕಿದ ಮೇಲೆ ಗಣಿತದ ಮೇಷ್ಟ್ರು ‘ಇಪ್ಪತ್ತೆಂಟನೆಯ ಲೆಕ್ಕ ಯಾರು ಮಾಡಿದ್ದೀರಿ?’ ಎಂದು ಕೇಳಿದರೂ ಓದುಗರು ಉಸಿರು ಹಿಡಿಯುತ್ತಾರೆ.

ಶಕ್ತಿಯನ್ನು ಆ ನೆಲದಿಂದಲೇ ತೆಗೆದುಕೊಳ್ಳಿ. ಕರಾವಳಿಯನ್ನು ಆರಿಸಿಕೊಂಡವರು ದೈವವನ್ನು ದೆವ್ವವೆಂದು ಬರೆಯಬೇಡಿ. ತುಳುನಾಡಿನಲ್ಲಿ ಪಂಜುರ್ಲಿ, ಗುಳಿಗ ಮೊದಲಾದ ದೈವಗಳು ಜನರು ನ್ಯಾಯ ಕೇಳಲು ಹೋಗುವ ಪೂಜ್ಯ ಶಕ್ತಿಗಳು, ಆ ದೈವಗಳನ್ನು ಬೆಚ್ಚಿಬೀಳಿಸುವ ಸಾಮಗ್ರಿಯಾಗಿ ಬಳಸಿದರೆ ನಂಬುವವರಿಗೆ ನೋವಾಗುತ್ತದೆ, ಕಥೆಯೂ ಸುಳ್ಳಾಗುತ್ತದೆ. ಬೆಂಗಳೂರಿನ ಬಡಾವಣೆಯೊಂದರ ಕಥೆಯಾದರೆ, 1990ರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ಹಿಂತಿರುಗಲೆಂದು ಮನೆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದ ಆ ವದಂತಿಯನ್ನು ಅಜ್ಜಿಯೊಬ್ಬರ ನೆನಪಾಗಿ ತರಬಹುದು. ದೆವ್ವಕ್ಕೂ ಓದಲು ಬರುತ್ತದೆ, ಬರೆದದ್ದಕ್ಕೆ ಅದು ಕಟ್ಟುಬೀಳುತ್ತದೆ ಎಂಬ ನಂಬಿಕೆ ಆ ವದಂತಿಯ ಒಳಗಿದೆ, ಶಾಲೆಯ ಕಥೆಗೆ ಅದು ಬಹಳ ಹೊಂದುವ ವಿಷಯ.

ಬಯಲುಸೀಮೆಯ ನಮ್ಮ ಕಥೆಗೆ ಬೇಕಾದದ್ದು ಕನ್ನಡದ ಒಂದೇ ಪದದಲ್ಲಿದೆ. ‘ಗಾಳಿ’ ಎಂದರೆ ಬೀಸುವ ಗಾಳಿ. ‘ಗಾಳಿ ಸೋಕಿದೆ’, ‘ಗಾಳಿ ಮೆಟ್ಟಿಕೊಂಡಿದೆ’ ಎಂದರೆ ದೆವ್ವ ಹಿಡಿದಿದೆ. ‘ಗಾಳಿಸುದ್ದಿ’ ಎಂದರೆ ತಲೆಬುಡವಿಲ್ಲದ ವದಂತಿ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿವೆ, ರಾತ್ರಿಯ ಹೊತ್ತು ಅವುಗಳ ನೆತ್ತಿಯ ಕೆಂಪು ದೀಪಗಳು ಮಿನುಗುವುದು ದೂರದ ರಸ್ತೆಗೂ ಕಾಣುತ್ತದೆ. ಕಿಟಕಿಯಿಂದ ಬಂದದ್ದು ಯಾವ ಗಾಳಿ ಎಂಬ ಅನುಮಾನವನ್ನು ಭಾಷೆಯೇ ಹೊತ್ತು ನಿಂತಿರುವಾಗ ಲೇಖಕರು ಬೇರೆ ಸಂಕೇತಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾದಂಬರಿಯ ಮೂರು ಭಾಗಗಳಿಗೂ ಈ ಮೂರು ಅರ್ಥಗಳೇ ಆಧಾರವಾಗಬಹುದು: ಮೊದಲು ಗಾಳಿಸುದ್ದಿ ಹಬ್ಬುತ್ತದೆ, ಬಳಿಕ ಯಾರಿಗೋ ಗಾಳಿ ಸೋಕುತ್ತದೆ, ಕೊನೆಗೆ ಕಿಟಕಿಗಳು ತೆರೆದುಕೊಳ್ಳುತ್ತವೆ.

ಎರಡು ಕಾಲಂಗಳ ನೋಟ್‌ಬುಕ್

ಈ ಬಗೆಯ ಬರವಣಿಗೆಯ ಪ್ರಾಣ ಇರುವುದು ಈ ಹೆಜ್ಜೆಯಲ್ಲಿ, ಆದ್ದರಿಂದ ಇಲ್ಲಿ ಆತುರಪಡಬೇಡಿ. ಒಂದು ನೋಟ್‌ಬುಕ್ಕಿನ ಪ್ರತಿ ಪುಟವನ್ನು ಎರಡು ಕಾಲಂ ಮಾಡಿ, ಕಥೆಯಲ್ಲಿ ನಡೆಯುವ ಪ್ರತಿಯೊಂದು ವಿಚಿತ್ರ ಘಟನೆಗೂ ಎಡಗಡೆ ಲೌಕಿಕ ಕಾರಣವನ್ನೂ ಬಲಗಡೆ ಅಲೌಕಿಕ ಕಾರಣವನ್ನೂ ಬರೆಯಿರಿ. ಎರಡೂ ಸಮಬಲದಲ್ಲಿ ನಿಲ್ಲುತ್ತಿರಬೇಕು. ಯಾವುದೇ ಘಟನೆಗೆ ಒಂದು ಕಾಲಂ ಖಾಲಿ ಉಳಿದರೆ ಆ ಘಟನೆಯನ್ನು ತಿದ್ದಿ ಅಥವಾ ಕೈಬಿಡಿ.

ಎಡಗಡೆಯ ಕಾಲಂಗೆ ವಿಜ್ಞಾನ ಧಾರಾಳವಾಗಿ ಒದಗುತ್ತದೆ. ರಾತ್ರಿ ಒಂದರವರೆಗೆ ಓದಿ ಬೆಳಗಿನ ನಾಲ್ಕಕ್ಕೆ ಅಲಾರಂ ಇಡುವ ಹತ್ತನೆಯ ತರಗತಿಯವರನ್ನು ನೋಡಿ. ಕನಸು ಬೀಳುವ ನಿದ್ರೆಯ ಹಂತದಲ್ಲಿ ಕೈಕಾಲುಗಳ ಸ್ನಾಯುಗಳು ಅಲುಗಾಡದ ಸ್ಥಿತಿಯಲ್ಲಿರುತ್ತವೆ. ಎಚ್ಚರವಾದ ಮೇಲೂ ಆ ಸ್ಥಿತಿ ಕೆಲವು ಕ್ಷಣ ಮುಂದುವರಿದರೆ ಕಣ್ಣು ತೆರೆದಿದ್ದರೂ ಮೈ ಏಳುವುದಿಲ್ಲ, ಎದೆಯ ಮೇಲೆ ಭಾರ ಕೂತಂತೆ, ಕೋಣೆಯಲ್ಲಿ ಇನ್ನೊಬ್ಬರು ಇದ್ದಂತೆ ಅನ್ನಿಸುತ್ತದೆ. ನಿದ್ರೆಗೆಟ್ಟವರಲ್ಲಿ ಇದು ಹೆಚ್ಚು. ನಮ್ಮ ನಾಯಕಿ ರೇಣುಕಾ, ಭಾಗ್ಯಳ ಬೆಂಚಿನ ಗೆಳತಿ, ಒಂದು ಬೆಳಗಿನ ಜಾವ ಇದನ್ನು ಅನುಭವಿಸಲಿ. ಮನೆಯವರು ‘ಗಾಳಿ’ ಎನ್ನಲಿ, ಜೀವಶಾಸ್ತ್ರದ ಮೇಷ್ಟ್ರು ‘ನಿದ್ದೆ ಸಾಲದು’ ಎನ್ನಲಿ, ಅವಳು ಇಬ್ಬರನ್ನೂ ಪೂರ್ತಿ ನಂಬದಿರಲಿ.

ಕನ್ನಡಿ ಇನ್ನೊಂದು. ಇಟಲಿಯ ಮನೋವಿಜ್ಞಾನಿ ಜೊವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಂದ ಬೆಳಕಿನಲ್ಲಿ ಹತ್ತು ನಿಮಿಷ ತಮ್ಮದೇ ಮುಖವನ್ನು ಕನ್ನಡಿಯಲ್ಲಿ ದಿಟ್ಟಿಸಿದ 50 ಜನರಲ್ಲಿ ಬಹಳ ಮಂದಿಗೆ ಮುಖ ವಿಕಾರವಾದಂತೆ, ಕೆಲವರಿಗೆ ಅಪರಿಚಿತರ ಮುಖದಂತೆ ಕಂಡಿತು. ಹಾಸ್ಟೆಲಿನ ಮಸುಕು ಕನ್ನಡಿಯ ಎದುರು ಕರೆಂಟಿಲ್ಲದ ಸಂಜೆ ಜಡೆ ಹಾಕಿಕೊಳ್ಳುವ ಹುಡುಗಿಗೆ ಇಷ್ಟು ಸಾಕು.

ಹಾಸ್ಟೆಲುಗಳಲ್ಲಿ ಆಡುವ ‘ಕಾಯಿನ್ ಆಟ’ವನ್ನಂತೂ ಈ ಬಗೆಯ ಕಥೆಯಲ್ಲಿ ಬಿಡುವಂತಿಲ್ಲ. ಹಾಳೆಯ ಮೇಲೆ ಅಕ್ಷರಗಳು, ಅಂಕಿಗಳು, ‘ಯೆಸ್’, ‘ನೋ’; ನಡುವೆ ಒಂದು ನಾಣ್ಯ; ಅದರ ಮೇಲೆ ನಾಲ್ವರ ಬೆರಳು; ಪ್ರಶ್ನೆ ಕೇಳಿದರೆ ನಾಣ್ಯ ಸರಿಯುತ್ತದೆ. ನಮಗೇ ಅರಿವಿಲ್ಲದಂತೆ ನಮ್ಮ ಸ್ನಾಯುಗಳು ನಿರೀಕ್ಷೆಗೆ ತಕ್ಕಂತೆ ಚಲಿಸುವುದನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲಿ ವಿವರಿಸಿದರು. ಮರುವರ್ಷ ಮೈಕೆಲ್ ಫ್ಯಾರಡೆ, ಆತ್ಮಗಳು ಮೇಜನ್ನು ಸರಿಸುತ್ತವೆಂದು ಜನ ನಂಬಿದ್ದ ಕಾಲದಲ್ಲಿ, ಕೈಗಳ ಕೆಳಗೆ ಸಡಿಲವಾಗಿ ಅಂಟಿಸಿದ ರಟ್ಟಿನ ಪದರಗಳನ್ನಿಟ್ಟು, ಮೇಜಿಗಿಂತ ಮೊದಲು ಕೈಗಳೇ ಸರಿಯುತ್ತವೆಂದು ತೋರಿಸಿಕೊಟ್ಟರು. ವಿದ್ಯುತ್ತಿನ ಪಾಠದಲ್ಲಿ ಫ್ಯಾರಡೆಯ ಹೆಸರು ಕಲಿತಿರುವ ಮಕ್ಕಳಿಗೆ ಅದೇ ಮನುಷ್ಯ ಇದನ್ನೂ ಪರೀಕ್ಷಿಸಿದ್ದನೆಂಬುದು ಎಷ್ಟು ರೋಮಾಂಚನವೆಂದು ಯೋಚಿಸಿ.

ಹಾಗಾದರೆ ದೃಶ್ಯವನ್ನು ಕಟ್ಟುವುದು ಹೇಗೆ? ಭಾಗ್ಯ ಎಲ್ಲಿದ್ದಾಳೆಂದು ಕೇಳಲು ನಾಲ್ವರು ಹುಡುಗಿಯರು ಕೂರುತ್ತಾರೆ. ನಾಣ್ಯ ಸರಾಗವಾಗಿ ಸರಿದು ಒಂದು ಊರಿನ ಹೆಸರನ್ನು ಬರೆಯುತ್ತದೆ. ರೇಣುಕಾ ಅದನ್ನು ನಂಬದೆ ಎಲ್ಲರ ಕಣ್ಣಿಗೂ ಕರ್ಚೀಫು ಕಟ್ಟಿಸಿ, ಹಾಳೆಯನ್ನು ತಿರುಗಿಸಿ, ತಾನು ಮಾತ್ರ ನೋಡುತ್ತ ನಿಲ್ಲುತ್ತಾಳೆ. ಈಗ ನಾಣ್ಯ ಅರ್ಥವಿಲ್ಲದ ಅಕ್ಷರಗಳ ಮೇಲೆ ಅಲೆಯುತ್ತದೆ. ಅಂದರೆ ಮೊದಲ ಸಲ ಊರಿನ ಹೆಸರನ್ನು ಬರೆದದ್ದು ಆ ನಾಲ್ವರಲ್ಲಿ ಒಬ್ಬಳು, ಅವಳಿಗೆ ಸತ್ಯ ಗೊತ್ತಿದೆ! ದೆವ್ವ ಸುಳ್ಳೆಂದು ಸಾಬೀತಾದ ಕ್ಷಣದಲ್ಲೇ ರಹಸ್ಯ ಇನ್ನಷ್ಟು ಬಿಗಿಯಾಯಿತು. ಆದರೆ ನಾಣ್ಯ ನಿಲ್ಲುವ ಮುನ್ನ ಎರಡು ಅಂಕಿಗಳನ್ನು ಮುಟ್ಟಿತ್ತು: 2, ಆಮೇಲೆ 8. ಇದನ್ನು ರೇಣುಕಾ ಯಾರಿಗೂ ಹೇಳುವುದಿಲ್ಲ. ಎಡ ಕಾಲಂನಲ್ಲಿ ‘ಕಾಕತಾಳೀಯ’ ಎಂದು ಬರೆದುಕೊಳ್ಳಿ, ಬಲ ಕಾಲಂನಲ್ಲಿ ಏನನ್ನೂ ವಿವರಿಸಬೇಡಿ, ಬರಿಯ ‘28’ ಎಂದಿರಲಿ.

ರಹಸ್ಯದ ಮೂಲ ಮನುಷ್ಯರದೇ ಆಗಿರಲಿ

ಥ್ರಿಲ್ಲರ್ ಎಂದ ಮೇಲೆ ಯಾರೋ ಏನನ್ನೋ ಮಾಡಿದ್ದಾರೆ, ಅದನ್ನು ಮುಚ್ಚಿಟ್ಟಿದ್ದಾರೆ. ನಮ್ಮ ಕಥೆಯಲ್ಲಿ ಭಾಗ್ಯಳಿಗೆ ಹದಿನೈದರಲ್ಲೇ ಬೇರೊಂದು ಊರಿನಲ್ಲಿ ಮದುವೆ ಮಾಡಿದ್ದಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ 18 ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಅಂಥ ಮದುವೆಯನ್ನು ಆರಂಭದಿಂದಲೇ ಅಸಿಂಧುವೆಂದು ಮಾಡಿದೆ. ಕಥೆಯ ಮಟ್ಟಿಗೆ ಇದರ ಅರ್ಥ, ಊರಿನ ಹಲವರಿಗೆ ಬಾಯಿ ಮುಚ್ಚಿಕೊಂಡಿರಲು ಬಲವಾದ ಕಾರಣವಿದೆ. ಊಟ ಮಾಡಿ ಬಂದ ನೆಂಟರು, ಕಾರು ಕೊಟ್ಟವರು, ಟಿ.ಸಿ. ಬರೆದವರು, ಗೊತ್ತಿದ್ದೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡದ ಕನ್ನಡ ಟೀಚರ್. ಒಬ್ಬ ಖಳನನ್ನು ಹುಡುಕಬೇಡಿ. ಎಲ್ಲರೂ ಒಂದಿಷ್ಟು ಸುಮ್ಮನಿದ್ದ ಕಾರಣದಿಂದ ಕಾಣೆಯಾದ ಹುಡುಗಿಯ ಕಥೆ, ಒಬ್ಬ ದುಷ್ಟನ ಕಥೆಗಿಂತ ಹೆಚ್ಚು ಹೆದರಿಸುತ್ತದೆ.

ಮತ್ತು ಅವಳು ಬದುಕಿರಲಿ. ಹದಿಹರೆಯದ ರೋಚಕ ಕಥೆಗಳಲ್ಲಿ ಕಥೆ ಶುರುವಾಗಲೆಂದು ಹುಡುಗಿಯರನ್ನು ಸಾಯಿಸುವ ರೂಢಿ ನನಗೆ ಬೇಸರ ತರಿಸಿದೆ. ಅಲೌಕಿಕವೆಂದರೆ ಸತ್ತವರದೇ ಆಗಬೇಕೆಂದಿಲ್ಲ, ಬದುಕಿರುವವಳ ಹಂಬಲವೂ ನೂರು ಕಿಲೋಮೀಟರ್ ದಾಟಿ ಹಾಜರಿ ಹೇಳಬಲ್ಲದು. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಯ ಹೆಸರಿನ ಮುಂದೆ ನೀಲಿ ಶಾಯಿಯ ಗುರುತುಗಳು ದಿನವೂ ಮೂಡುತ್ತಿವೆಯೆಂದು ಇಟ್ಟುಕೊಳ್ಳಿ. ತಪ್ಪಿತಸ್ಥ ಭಾವ ತಡೆಯಲಾರದೆ ಟೀಚರೇ ಆ ಗುರುತು ಹಾಕುತ್ತಿದ್ದರೆಂದು ಕೊನೆಯ ಭಾಗದಲ್ಲಿ ಗೊತ್ತಾಗಲಿ. ಎಲ್ಲವೂ ತಿಳಿಯಾಯಿತು ಎನ್ನುವಾಗ ರೇಣುಕಾ ಪುಟ ತಿರುಗಿಸಿ ನೋಡಿದರೆ, ಟೀಚರ್ ರಜೆಯಲ್ಲಿದ್ದ ಒಂದು ಶನಿವಾರದ ಚೌಕದಲ್ಲಿಯೂ ಗುರುತು ಇದೆ. ವಿವರಣೆಗೆ ಸಿಗದ ಒಂದೇ ಒಂದು ಸಂಗತಿಯನ್ನು ಹೀಗೆ ಉಳಿಸಿಕೊಳ್ಳಿ. ಎರಡು ಉಳಿಸಿದರೆ ಕಥೆ ದೆವ್ವದ್ದಾಗುತ್ತದೆ, ಒಂದನ್ನೂ ಉಳಿಸದಿದ್ದರೆ ಪತ್ತೇದಾರಿಯದಾಗುತ್ತದೆ.

ಭಾಷೆ

ನಿರೂಪಣೆ ಸರಳ ಗ್ರಂಥಭಾಷೆಯಲ್ಲಿದ್ದರೂ ಸಂಭಾಷಣೆ ಆ ಊರಿನದೇ ಆಗಿರಬೇಕು. ಹದಿನೈದರ ಮಕ್ಕಳು ಪೂರ್ಣ ವಾಕ್ಯಗಳಲ್ಲಿ ಹೆದರುವುದಿಲ್ಲ. ಹೆದರಿಕೆಯ ಗಳಿಗೆಯಲ್ಲಿ ವಿಶೇಷಣಗಳನ್ನು ಬಿಟ್ಟು ವಸ್ತುಗಳನ್ನು ಹೆಸರಿಸಿ. ರೇಣುಕಾಳೇ ಹೇಳುವ ಒಂದು ತುಣುಕು ಹೀಗಿರಬಹುದು:

ಮಿಸ್ ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ಮೇಜಿನ ಮೇಲೆ ಉರುಳಿ ನಿಂತಿತು.
‘ಯಾರದು?’
ಯಾರೂ ಮಾತಾಡಲಿಲ್ಲ. ನನ್ನ ಪಕ್ಕದ ಜಾಗದಲ್ಲಿ ಕಂಪಾಸಿನ ಮುಳ್ಳಿನಿಂದ ಅವಳು ಕೆತ್ತಿದ ‘ಭಾ’ ಇತ್ತು, ‘ಗ್ಯ’ ಕೆತ್ತುವಷ್ಟರಲ್ಲಿ ಬೆಲ್ ಹೊಡೆದಿತ್ತು.
‘ನೀನೇನೇ ಅಂದಿದ್ದು?’ ಹಿಂದಿನಿಂದ ಸುಧಾ ನನ್ನ ಜಡೆ ಎಳೆದಳು.
‘ನಾನಲ್ಲ ಕಣೇ.’
‘ನಿನ್ ಕಡೆಯಿಂದಾನೇ ಬಂತು.’
ಮಿಸ್ ಪುಸ್ತಕ ಮುಚ್ಚಿದರು. ಇಪ್ಪತ್ತೊಂಬತ್ತರಿಂದ ಮುಂದಕ್ಕೆ ಆ ದಿನ ಹಾಜರಿಯನ್ನೇ ಕರೆಯಲಿಲ್ಲ.

ಇಲ್ಲಿ ‘ಭಯಾನಕ’, ‘ನಿಗೂಢ’ ಎಂಬ ಪದಗಳಿಲ್ಲವೆಂಬುದನ್ನು ಗಮನಿಸಿ. ಮುಚ್ಚಳ ಉರುಳುವುದು, ಅರ್ಧ ಕೆತ್ತಿದ ಹೆಸರು, ಟೀಚರ್ ತಮ್ಮ ಕೆಲಸವನ್ನು ಅರ್ಧಕ್ಕೆ ಬಿಡುವುದು, ಇವು ಆ ಕೆಲಸವನ್ನು ಮಾಡುತ್ತವೆ. ಅಧ್ಯಾಯಗಳು ಆರೇಳು ಪುಟಗಳನ್ನು ಮೀರದಿರಲಿ, ಇಡೀ ಪುಸ್ತಕ ಮೂವತ್ತರಿಂದ ನಲವತ್ತು ಸಾವಿರ ಪದಗಳಲ್ಲಿ ಮುಗಿಯಲಿ.

ಎಚ್ಚರದಿಂದ ಬರೆಯಬೇಕಾದ ಜಾಗಗಳು

ನಿಮ್ಮ ಊರಿನಲ್ಲಿ ನಿಜವಾಗಿ ನಡೆದ ಘಟನೆಯಿಂದ ಕಥೆ ಹುಟ್ಟಿದ್ದರೆ ಊರು, ಶಾಲೆ, ವರ್ಷ, ಕುಟುಂಬ ಎಲ್ಲವನ್ನೂ ಬದಲಿಸಿ. 2015ರ ಬಾಲನ್ಯಾಯ ಕಾಯ್ದೆ ಮತ್ತು 2012ರ ಪೋಕ್ಸೊ ಕಾಯ್ದೆ ಸಂಬಂಧಪಟ್ಟ ಮಕ್ಕಳ ಗುರುತನ್ನು ಮಾಧ್ಯಮಗಳು ಬಯಲುಮಾಡುವುದನ್ನು ನಿಷೇಧಿಸುತ್ತವೆ. ಕಾನೂನು ಹಾಗಿರಲಿ, ಆ ಹುಡುಗಿ ನಿಮ್ಮ ಪುಸ್ತಕವನ್ನು ಓದಬಹುದು. ಮಾನಸಿಕ ಕಾಯಿಲೆಯನ್ನು ದೆವ್ವವೆಂದು ತೋರಿಸಿ ಹಾಗೆಯೇ ಬಿಡಬೇಡಿ. ರೇಣುಕಾಳನ್ನು ‘ಗಾಳಿ ಬಿಡಿಸಲು’ ಕರೆದೊಯ್ಯುವ ಅಧ್ಯಾಯ ಬರೆಯುವುದಾದರೆ, ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಹಿಂಸಿಸುವುದನ್ನು ಅಪರಾಧವೆಂದು ಸಾರುವ 2017ರ ಕಾಯ್ದೆ ನಮ್ಮ ರಾಜ್ಯದಲ್ಲಿ ಇದೆಯೆಂಬುದನ್ನು ತಿಳಿದು ಬರೆಯಿರಿ, ಆ ದೃಶ್ಯದಲ್ಲಿ ಹುಡುಗಿಯ ಅವಮಾನವನ್ನು ಅವಳ ಕಣ್ಣಿನಿಂದಲೇ ಕಾಣಿಸಿ. ಆತ್ಮಹತ್ಯೆಯ ವಿಧಾನಗಳನ್ನು ಯಾವ ಕಾರಣಕ್ಕೂ ವರ್ಣಿಸಬೇಡಿ. ಮಕ್ಕಳ ಸಹಾಯವಾಣಿ 1098 ಕಥೆಯೊಳಗೆ ಉಪದೇಶವಾಗಿ ಬರದೆ ಕ್ರಿಯೆಯಾಗಿ ಬರಲಿ. ಅಮ್ಮನ ಮೊಬೈಲಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜ್ ಇರುವಾಗ, ಹಿತ್ತಲಿನ ಶೇಂಗಾ ಚೀಲಗಳ ಮರೆಯಲ್ಲಿ ಕೂತು ರೇಣುಕಾ ಆ ನಾಲ್ಕು ಅಂಕಿಗಳನ್ನು ಒತ್ತುವುದೇ ನಿಮ್ಮ ಅತ್ಯಂತ ಬಿಗಿಯಾದ ದೃಶ್ಯವಾಗಬಹುದು.

ಕೊನೆಯ ದೃಶ್ಯ ಮತ್ತು ಮೊದಲ ಓದುಗರು

2024ರಿಂದ ಎಸ್‌ಎಸ್‌ಎಲ್‌ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಅವಕಾಶ ಬಂದಿದೆ. ಮೊದಲ ಪರೀಕ್ಷೆಯಲ್ಲಿ ಖಾಲಿ ಉಳಿದ ಬೆಂಚಿಗೆ ಭಾಗ್ಯ ಪರೀಕ್ಷೆ-2ರ ಹೊತ್ತಿಗೆ ಬಂದು ಕೂರಬಹುದು. ಆ ದಿನ ಮೇಲ್ವಿಚಾರಕರು ಸಂಖ್ಯೆಯನ್ನು ಕರೆದಾಗ ಅವಳು ಉತ್ತರಿಸುವ ಮುನ್ನವೇ ಕಿಟಕಿಯಿಂದ ಗಾಳಿ ಬೀಸಿ ಉತ್ತರಪತ್ರಿಕೆಯ ಮೂಲೆಯನ್ನು ಎತ್ತಲಿ. ಅದು ಯಾವ ಗಾಳಿಯೆಂದು ನೀವು ಹೇಳಬೇಡಿ.

ಕರಡು ಮುಗಿದ ಮೇಲೆ ಹದಿನೈದು ದಿನ ಅದನ್ನು ಮುಟ್ಟದೆ ಇಡಿ. ಬಳಿಕ ಒಮ್ಮೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಸಂಭಾಷಣೆಗಳನ್ನೆಲ್ಲ ತಿದ್ದಿ. ಆಮೇಲೆ ಮನೆಯವರ ಒಪ್ಪಿಗೆ ಪಡೆದು ಒಂಬತ್ತು ಮತ್ತು ಹತ್ತನೆಯ ತರಗತಿಯ ನಾಲ್ಕೈದು ಮಂದಿಗೆ ಪ್ರತಿ ಕೊಡಿ. ಅವರನ್ನು ‘ಹೇಗಿದೆ?’ ಎಂದು ಕೇಳಬೇಡಿ, ದೊಡ್ಡವರು ಕೇಳಿದರೆ ಮಕ್ಕಳು ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಕೈಗೊಂದು ಪೆನ್ಸಿಲ್ ಕೊಟ್ಟು, ಬೇಜಾರಾದ ಪುಟಕ್ಕೆ ಒಂದು ಗೆರೆ, ‘ನಮ್ಮ ಶಾಲೆಯಲ್ಲಿ ಹೀಗಿರಲ್ಲ’ ಅನ್ನಿಸಿದ ಕಡೆ ಒಂದು ಸುತ್ತು ಹಾಕಿ ತರಲು ಹೇಳಿ. ಪ್ರತಿ ವಾಪಸು ಬಂದಾಗ ಒಂದೇ ಪ್ರಶ್ನೆ ಕೇಳಿ: ಯಾವ ಪುಟ ಓದುವಾಗ ಎದ್ದು ಹೋಗಿ ಲೈಟ್ ಹಾಕಿದಿರಿ?